ಹಾಜರಿ ಪುಸ್ತಕದ ರುಜು ಮಾತಾಡುವುದಿಲ್ಲ

ನಮ್ಮ ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿದ್ದು 2011ರಲ್ಲಿ. ಕಟ್ಟಿದ ಜಾಗ ಸರಿಯಿರಲಿಲ್ಲ. ಹಳ್ಳ ಸೊಟ್ಟಗೆ ತಿರುಗುವ ಕಡೆ ಒಂದು ದಡ ಬಂಡೆ, ಇನ್ನೊಂದು ದಡ ಸಡಿಲ ಮಣ್ಣು. ಎರಡು ವರ್ಷ ಮಳೆ ಕಮ್ಮಿ, ಏನೂ ಗೊತ್ತಾಗಲಿಲ್ಲ. ಮೂರನೇ ವರ್ಷ ಉತ್ತರೆ ಮಳೆ ಒಂದೇ ರಾತ್ರಿ ಜಡಿಯಿತು. ನೀರು ಗೋಡೆ ಹತ್ತಿ ಇಳಿಯುವ ಬದಲು ಮಣ್ಣಿನ ದಡವನ್ನೇ ಕೊರೆದುಕೊಂಡು ಹೋಯಿತು. ಆ ದಡ ನನ್ನ ಶೇಂಗಾ ಹೊಲದ್ದು. ಏಳು ಗುಂಟೆ ಹೋಯಿತು, ಜೊತೆಗೆ ನಮ್ಮಪ್ಪ ಹಾಕಿದ್ದ ಬದುವಿನ ಎರಡು ಹೊಂಗೆ ಮರ. ಡ್ಯಾಂ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ನೀರು ಅದರ ಪಕ್ಕದಲ್ಲಿ ಹೋಗುತ್ತದೆ.

ಸಿಟ್ಟು ಬಂತು. ದಸರಾ ಕಳೆದ ಮೇಲೆ ಪಂಚಾಯ್ತಿ ಆಫೀಸಿಗೆ ಹೋಗಿ ಕೂಗಾಡಿದೆ. ಅಲ್ಲಿದ್ದವರು ಕೂಗಾಡಲಿಲ್ಲ. ಬೀರು ತೆಗೆದು ಒಂದು ಪುಸ್ತಕ ಮುಂದಿಟ್ಟರು. ‘ಗ್ರಾಮಸಭೆ ಒಪ್ಪಿದ ಕೆಲಸ ಇದು. ಜಾಗಾನೂ ಬರೆದೈತೆ, ನೋಡ್ರಿ’ ಅಂದರು. ನೋಡಿದೆ. ಕೆಳಗೆ ರುಜುಗಳ ಸಾಲು. ನಲವತ್ಮೂರನೆಯದು ನನ್ನದು!

ನೆನಪಾಯಿತು. ಒಂದು ಬೆಳಿಗ್ಗೆ ಹೋಟ್ಲು ಮುಂದೆ ಚಾ ಕುಡಿಯುತ್ತ ಕೂತಿದ್ದಾಗ ಆ ಪುಸ್ತಕ ಬಂದಿತ್ತು. ‘ಅಣ್ಣ, ಒಂದು ರುಜು ಹಾಕು, ಸಭೆ ಆಯ್ತು ಅಂತ ತೋರಿಸ್ಬೇಕು’ ಅಂದರು. ಮೇಲೆ ಹಾಳೆ ಖಾಲಿ ಇತ್ತು. ಹಾಕಿದೆ. ನಾನೊಬ್ಬನೇ ಅಲ್ಲ, ಅಲ್ಲಿ ಕೂತಿದ್ದ ಎಲ್ಲರೂ ಹಾಕಿದೆವು. ನನ್ನ ಹೊಲದ ಏಳು ಗುಂಟೆ ಹಳ್ಳಕ್ಕೆ ಹೋಗಲು ನಾನೇ ಒಪ್ಪಿಗೆ ಕೊಟ್ಟ ಹಾಗಾಯಿತು.

ಯಾವ ಪಂಚಾಯ್ತಿ ಅಂತ ಬರೆಯುವುದಿಲ್ಲ. ಹೊಳಲ್ಕೆರೆ ತಾಲ್ಲೂಕು ತಾಳ್ಯ ಹೋಬಳಿಯ ಒಂದು ಸಣ್ಣ ಊರು ನಮ್ಮದು ಅಂದರೆ ಸಾಕು. ಆ ನಂತರ ಐದು ವರ್ಷ ನಾವು ಏನು ಕಲಿತೆವು ಎನ್ನುವುದನ್ನು ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಕಾನೂನಿನ ಭಾಷೆ ಬರುವುದಿಲ್ಲ. ಅನುಭವಕ್ಕೆ ಬಂದಷ್ಟು ಹೇಳುತ್ತೇನೆ.

ಸಭೆ ಅಂದರೆ ಯಾವ ಸಭೆ?

ಊರಿನವರೇ ಕೂತು ಊರಿನ ಕೆಲಸ ಹೇಳಬೇಕು ಎನ್ನುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯ್ತಿ ಬಂದಾಗ ನಾನು ಮೀಸೆ ಮೂಡುತ್ತಿದ್ದ ಹುಡುಗ. ಆಗ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಗಳಲ್ಲಿ ‘ನೀರ್ ಸಾಬ್’ ಅನ್ನುತ್ತಿದ್ದರು. ಊರೂರಿಗೆ ಬೋರ್ ಹಾಕಿಸಿದ್ದಕ್ಕೆ ಆ ಹೆಸರು. ಅವರು 1988ರಲ್ಲಿ ತೀರಿಕೊಂಡರು. 1993ರಲ್ಲಿ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು, ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಈಗ ನಮಗಿರುವ ಗ್ರಾಮ ಪಂಚಾಯ್ತಿ ಆವಾಗಿನದು. ಸಂವಿಧಾನದ ಹನ್ನೊಂದನೇ ಷೆಡ್ಯೂಲಿನಲ್ಲಿ ಪಂಚಾಯ್ತಿಗಳಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಇದೆ. ಮೊದಲನೆಯದೇ ಬೇಸಾಯ. ಎರಡನೆಯದು ಭೂಮಿ ಸುಧಾರಣೆ, ಮಣ್ಣು ಉಳಿಸುವುದು. ಮೂರನೆಯದು ಸಣ್ಣ ನೀರಾವರಿ, ಜಲಾನಯನ. ನಾಲ್ಕನೆಯದು ದನಕರು, ಹೈನು, ಕೋಳಿ. ಪಂಚಾಯ್ತಿ ಅಂದರೆ ಬೀದಿ ದೀಪ, ಚರಂಡಿ ಅಂತ ತಿಳಿದಿದ್ದೆವು. ಪಟ್ಟಿಯ ತಲೆಯಲ್ಲೇ ರೈತ ಕೂತಿದ್ದಾನೆ.

ಸಭೆಯಲ್ಲಿ ಎರಡು ಥರ. ಒಬ್ಬ ಮೆಂಬರ್ ಆಯ್ಕೆಯಾಗುವ ಕ್ಷೇತ್ರಕ್ಕೆ ಒಂದು ವಾರ್ಡ್ ಸಭೆ. ಅದಕ್ಕೆ ಆ ಮೆಂಬರೇ ಅಧ್ಯಕ್ಷ. ಇಡೀ ಪಂಚಾಯ್ತಿಗೆ ಸೇರಿ ಗ್ರಾಮಸಭೆ. ಅದಕ್ಕೆ ಪಂಚಾಯ್ತಿ ಅಧ್ಯಕ್ಷರು. ಓಟರ್ ಲಿಸ್ಟಿನಲ್ಲಿ ಹೆಸರಿದ್ದವರೆಲ್ಲ ಇದರ ಸದಸ್ಯರು. ಯಾರೂ ಕರೆಯಬೇಕಿಲ್ಲ, ಯಾರೂ ತಡೆಯುವಂತಿಲ್ಲ. ಆರು ತಿಂಗಳಿಗೆ ಒಮ್ಮೆಯಾದರೂ ಎರಡೂ ನಡೆಯಬೇಕು. ವಾರ್ಡ್ ಸಭೆಗೆ ಓಟರುಗಳಲ್ಲಿ ಹತ್ತಕ್ಕೊಬ್ಬರು ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಬಂದರೆ ಕೋರಂ. ಗ್ರಾಮಸಭೆಗೆ ಹತ್ತಕ್ಕೊಬ್ಬರು ಅಥವಾ 100 ಜನ. ಬಂದವರಲ್ಲಿ ನೂರಕ್ಕೆ ಮೂವತ್ತು ಹೆಂಗಸರಿರಬೇಕು. 2015ರ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರಿಗೆ ಗ್ರಾಮ ಸ್ವರಾಜ್ ಅಂತ ಸೇರಿತು. ಒಂದೊಂದು ಹಟ್ಟಿಗೂ ಜನವಸತಿ ಸಭೆ ಅಂತಲೂ ಬಂತು. ಅದು ನಮ್ಮ ಕಡೆ ನಡೆದದ್ದನ್ನು ನಾನು ಕಂಡಿಲ್ಲ.

ಕೆಲಸ ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ. ಅಲ್ಲಿಂದ ಗ್ರಾಮಸಭೆಗೆ ಹೋಗಿ ಯಾವುದು ಮೊದಲು ಯಾವುದು ಆಮೇಲೆ ಅಂತ ತೀರ್ಮಾನವಾಗಿ, ಪಂಚಾಯ್ತಿಯ ಕ್ರಿಯಾಯೋಜನೆಯಾಗಿ ತಾಲ್ಲೂಕಿಗೆ, ಜಿಲ್ಲೆಗೆ ಹೋಗುತ್ತದೆ. ಬೀಜ ಬಿತ್ತುವುದು ವಾರ್ಡ್ ಸಭೆಯಲ್ಲಿ. ನಾವೆಲ್ಲ ಹೋಗುತ್ತಿದ್ದದ್ದು, ಹೋದರೆ, ಒಕ್ಕಣೆಗೆ.

ಮೊದಲ ವರ್ಷ: ಬಾಯಿ ಮಾತು

ನಮ್ಮೂರ ಮೇಲುಗಡೆ ಗುಡ್ಡದ ಬುಡದಲ್ಲಿ ಒಂದು ಗೋಕಟ್ಟೆ ಇದೆ. ಅರ್ಧ ಎಕರೆ ಇರಬಹುದು. ಗುಡ್ಡದ ನೀರು ಅದಕ್ಕೆ ಬರಲು ಒಂದು ಕಾಲುವೆ ಇತ್ತು, ಹಿರಿಯರು ಮಾಡಿದ್ದು. ಅದು ಮುಚ್ಚಿಹೋಗಿ ಇಪ್ಪತ್ತು ವರ್ಷವಾಗಿತ್ತು. ನೀರು ದಾರಿ ತಪ್ಪಿ ನೇರ ಹಳ್ಳಕ್ಕೆ ಇಳಿಯುತ್ತಿತ್ತು. ಅದೇ ನೀರು ರಭಸದಲ್ಲಿ ಬಂದು ನನ್ನ ದಡ ಕೊರೆದದ್ದು. ಕೆಳಗೆ ನಾಲ್ಕೂವರೆ ಲಕ್ಷದ ಗೋಡೆ ಕಟ್ಟುವ ಬದಲು ಮೇಲೆ ಕಾಲುವೆ ಬಿಡಿಸಿದ್ದರೆ ಗೋಕಟ್ಟೆಯೂ ತುಂಬುತ್ತಿತ್ತು, ಹಳ್ಳದ ಸೊಕ್ಕೂ ಇಳಿಯುತ್ತಿತ್ತು. ಇದು ನಮ್ಮೂರ ಕುರಿ ಕಾಯುವ ಹುಡುಗನಿಗೂ ಗೊತ್ತಿತ್ತು. ಎಸ್ಟಿಮೇಟ್ ಮಾಡಿದವರಿಗೆ ಗೊತ್ತಿರಲಿಲ್ಲ. ಅವರಿಗೆ ಹೇಳಿದವರೂ ಇಲ್ಲ.

2015ರಲ್ಲಿ ಹೊಸ ಪಂಚಾಯ್ತಿ ಬಂತು. 14ನೇ ಹಣಕಾಸು ಆಯೋಗದ ದುಡ್ಡು ನೇರ ಪಂಚಾಯ್ತಿಗೆ ಬರುತ್ತದೆ, ಅದಕ್ಕೆ ಊರಿನ ಯೋಜನೆ ಮಾಡಬೇಕು ಅಂತ ‘ನಮ್ಮ ಗ್ರಾಮ ನಮ್ಮ ಯೋಜನೆ’ ಸಭೆಗಳು ಶುರುವಾದವು. ನಾವು ಹತ್ತು-ಹನ್ನೆರಡು ಜನ ಗ್ರಾಮಸಭೆಗೆ ಹೋದೆವು. ನಾನು ಎದ್ದು ಗೋಕಟ್ಟೆ ಕಾಲುವೆ ವಿಷಯ ಹೇಳಿದೆ. ನೋಡಲ್ ಅಧಿಕಾರಿ ತಲೆಯಾಡಿಸಿದರು. ‘ಒಳ್ಳೆ ವಿಚಾರ, ಮಾಡೋಣ’ ಅಂದರು. ಚಪ್ಪಾಳೆಯೂ ಬಿತ್ತು. ಖುಷಿಯಾಗಿ ಮನೆಗೆ ಬಂದೆ.

ಮುಂದಿನ ಬೇಸಿಗೆಯಲ್ಲಿ ಪಟ್ಟಿ ನೋಡಿದರೆ ನಮ್ಮ ಕಾಲುವೆಯೇ ಇಲ್ಲ. ಕೇಳಿದ್ದಕ್ಕೆ ನಡಾವಳಿ ತೋರಿಸಿದರು. ಅದರಲ್ಲಿ ನಾನು ಮಾತಾಡಿದ ಗುರುತೇ ಇಲ್ಲ. ‘ಸಾರ್ವಜನಿಕರು ಹಲವು ಸಲಹೆ ನೀಡಿದರು’ ಅಂತ ಒಂದು ಸಾಲು. ಆ ಹಲವು ಸಲಹೆಯಲ್ಲಿ ನನ್ನದೂ ಒಂದು ಸತ್ತಿತ್ತು. ಅಷ್ಟೇ ಅಲ್ಲ, ಪಟ್ಟಿ ಸಭೆಗೆ ಮುಂಚೆಯೇ ಟೈಪ್ ಆಗಿತ್ತು ಅಂತ ಆಮೇಲೆ ತಿಳಿಯಿತು. ವಾರ್ಡ್ ಸಭೆ ನಡೆದೇ ಇರಲಿಲ್ಲ. ಇದರಲ್ಲಿ ಮೋಸ ಎಷ್ಟು, ಸೋಮಾರಿತನ ಎಷ್ಟು ಅಂತ ನಾನು ತೂಗಲು ಹೋಗುವುದಿಲ್ಲ. ಜನ ಬರುವುದಿಲ್ಲ ಎನ್ನುವುದು ಅವರಿಗೆ ಅಭ್ಯಾಸವಾಗಿತ್ತು. ಅಭ್ಯಾಸ ಮಾಡಿಸಿದವರು ನಾವೇ.

ಜನ ಯಾಕೆ ಬರಲ್ಲ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯೋಜನೆಯ ಸಭೆಗಳು ಸೇರುವುದು ಗಾಂಧಿ ಜಯಂತಿಯಿಂದ ಡಿಸೆಂಬರ್ ಕೊನೆಯೊಳಗೆ. ನಮ್ಮ ಕಡೆ ಅಕ್ಟೋಬರಿನಲ್ಲಿ ಮೆಕ್ಕೆಜೋಳ ಮುರಿಯುವುದು, ಆಮೇಲೆ ಹತ್ತಿ ಬಿಡಿಸುವುದು, ರಾಗಿ ಕೊಯ್ಲು. ವರ್ಷದಲ್ಲಿ ಕೈಗೆ ಬಿಡುವೇ ಇಲ್ಲದ ಮೂರು ತಿಂಗಳು. ಹೊತ್ತು ಬೆಳಿಗ್ಗೆ ಹನ್ನೊಂದು ಗಂಟೆ. ಕೂಲಿ ಬಿಟ್ಟು ಬಂದರೆ ಆ ದಿನದ ಊಟ ಹೋಯಿತು. ಯಾರು ಬರುತ್ತಾರೆ? ಕೂಲಿ ಹೋಗದವರು, ಕೆಲಸ ಹಿಡಿಯುವವರು ಬರುತ್ತಾರೆ.

ಜಾಗವೂ ತೊಂದರೆ. ನಮ್ಮಲ್ಲಿ ಸಭೆ ಸೇರುತ್ತಿದ್ದದ್ದು ದೇವಸ್ಥಾನದ ಮುಂದಿನ ಕಟ್ಟೆ ಮೇಲೆ. ಕಾಲೊನಿಯವರು ದೂರದಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ನಿಂತವನು ಮಾತಾಡುತ್ತಾನಾ? ಹೆಂಗಸರು ಕಟ್ಟೆ ಹತ್ತುತ್ತಿರಲಿಲ್ಲ. ಇದು ನನಗೆ ಅಷ್ಟು ವರ್ಷ ಕಣ್ಣಿಗೆ ಬಿದ್ದಿರಲೇ ಇಲ್ಲ, ಹೇಳಲು ನಾಚಿಕೆಯಾಗುತ್ತದೆ. ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ಮುಖಕ್ಕೆ ಹೇಳಿದಳು: ‘ನೀವು ಕಟ್ಟೆ ಮೇಲೆ ಕೂತು ಊರು ಅಂತೀರ. ಊರು ಕೆಳಗೆ ನಿಂತೈತೆ.’

2016ರಲ್ಲಿ ನಮ್ಮ ಮೆಂಬರಿಗೆ ಎರಡು ಕೇಳಿಕೊಂಡೆವು. ವಾರ್ಡ್ ಸಭೆ ಶಾಲೆಯ ಅಂಗಳದಲ್ಲಿ ಆಗಲಿ. ಸೋಮವಾರ ಸಾಯಂಕಾಲ ಆಗಲಿ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ಮೆಂಬರು ಒಳ್ಳೆಯ ಮನುಷ್ಯ, ಹೊಸಬ, ಒಪ್ಪಿದ. ಹಿಂದಿನ ಸಂಜೆಯೇ ಡಂಗುರ ಹಾಕಿಸಿದೆವು. ಅರವತ್ತೆಂಟು ಜನ ಸೇರಿದರು, ಇಪ್ಪತ್ತೊಂಬತ್ತು ಹೆಂಗಸರು. ಕುರ್ಚಿ ಸಾಲದೆ ಎಲ್ಲರೂ ನೆಲದ ಮೇಲೆ ಕೂತದ್ದು ಒಳ್ಳೆಯದೇ ಆಯಿತು.

ಅರ್ಜಿ ಬರೆದದ್ದು ಹೇಗೆ?

ಸಭೆಗೆ ಒಂದು ವಾರ ಮೊದಲು ನಾವು ಆರು ಜನ ಕಾಲುವೆ ಉದ್ದಕ್ಕೂ ನಡೆದೆವು. ಹಗ್ಗ ಹಿಡಿದು ಅಳೆದೆವು. ಸುಮಾರು 600 ಮೀಟರ್. ಎಲ್ಲಿ ಎಷ್ಟು ಮುಚ್ಚಿದೆ, ಎಲ್ಲಿ ಕಲ್ಲು ಬಿದ್ದಿದೆ, ಯಾರ ಹೊಲದ ಅಂಚಿನಲ್ಲಿ ಹಾಯುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆವು. ಗ್ರಾಮ ಲೆಕ್ಕಿಗರ ಹತ್ತಿರ ಹೋಗಿ ಗ್ರಾಮ ನಕಾಶೆ ನೋಡಿ ಸರ್ವೆ ನಂಬರ್ ಬರೆದುಕೊಂಡೆವು. ಇಬ್ಬರು ಕಾಲುವೆ ಅಂಚನ್ನು ಒತ್ತಿ ಉಳುತ್ತಿದ್ದರು. ಅದರಲ್ಲಿ ಒಬ್ಬ ನನ್ನ ಷಡ್ಡಕ. ಅವನನ್ನು ಒಪ್ಪಿಸಲು ಎರಡು ರಾತ್ರಿ ಹೋಯಿತು.

ಅರ್ಜಿ ಒಂದೇ ಪುಟ. ‘ನಮ್ಮ ಊರಿಗೆ ನೀರಿನ ಸೌಕರ್ಯ ಮಾಡಿಕೊಡಬೇಕು’ ಅಂತ ಬರೆದರೆ ಅದು ಕಸದ ಬುಟ್ಟಿಗೆ. ಹೀಗೆ ಬರೆದೆವು: ಇಂಥ ಸರ್ವೆ ನಂಬರಿನ ಗುಡ್ಡದ ಬುಡದಿಂದ ಇಂಥ ಸರ್ವೆ ನಂಬರಿನ ಗೋಕಟ್ಟೆವರೆಗೆ 600 ಮೀಟರ್ ಕಾಲುವೆ ಹೂಳು ತೆಗೆದು, ಮೂರು ಕಡೆ ಕಲ್ಲು ಕಟ್ಟಿ, ಗೋಕಟ್ಟೆ ಹೂಳೆತ್ತುವುದು. ಉದ್ಯೋಗ ಖಾತ್ರಿಯಲ್ಲಿ ಕೆಲಸ ಮಾಡಲು ಈ ಕೆಳಗಿನ 32 ಜನ ಸಿದ್ಧರಿದ್ದೇವೆ, ಜಾಬ್ ಕಾರ್ಡ್ ನಂಬರ್ ಇಂತಿಂಥದು. ಅಂಚಿನ ಹೊಲದವರ ತಕರಾರಿಲ್ಲ, ಅವರ ರುಜು ಇಲ್ಲಿದೆ.

ಈ ಕೊನೆಯ ಎರಡು ಮಾತಿಗೆ ತೂಕ ಬಂತು. ಕೆಲಸ ಬೇಕು ಅನ್ನುವವರು ಬಹಳ. ಕೂಲಿಗೆ ಜನ ಇದ್ದಾರೆ, ಜಾಗದ ಜಗಳ ಇಲ್ಲ ಅಂದರೆ ಎಂಜಿನಿಯರಿಗೆ ಅರ್ಧ ತಲೆನೋವು ಕಮ್ಮಿ.

ಎರಡು ಪ್ರತಿ ಮಾಡಿದ್ದೆವು. ಒಂದಕ್ಕೆ ಪಂಚಾಯ್ತಿ ಮೊಹರು, ತಾರೀಖು, ರುಜು ಹಾಕಿಸಿ ನಮ್ಮ ಹತ್ತಿರ ಇಟ್ಟುಕೊಂಡೆವು. ಸಭೆಯ ಕೊನೆಗೆ ಮಗಳ ಓರಗೆಯ ಒಬ್ಬ ಹುಡುಗಿ, ಪಿಯುಸಿ ಓದಿದವಳು, ಎದ್ದು ನಿಂತು ‘ನಡಾವಳಿ ಓದಿ ಸಾರ್, ಆಮೇಲೆ ರುಜು ಹಾಕ್ತೀವಿ’ ಅಂದಳು. ಬರೆದುಕೊಳ್ಳುತ್ತಿದ್ದವರಿಗೆ ಅದು ಹೊಸದು. ಓದಿದರು. ನಮ್ಮ ಕಾಲುವೆ ಇತ್ತು, ಸರ್ವೆ ನಂಬರಿನಲ್ಲಿ ಒಂದು ಅಂಕೆ ತಪ್ಪಿತ್ತು. ಅಲ್ಲೇ ತಿದ್ದಿಸಿದೆವು. ಅಂಕೆ ತಪ್ಪಿ ಹೋಗಿದ್ದರೆ ಬೇರೆ ಯಾರದೋ ಹೊಲದಲ್ಲಿ ಕಾಲುವೆ ತೋಡಿಸುತ್ತಿದ್ದರು!

ಹಾಗೆ ಮಾಡಿದ ಮೇಲೂ ಪಟ್ಟಿಯಲ್ಲಿ ನಮ್ಮದು 31ನೇ ನಂಬರು. ಮೇಲಿನ ಮೂವತ್ತರಲ್ಲಿ ಹತ್ತೊಂಬತ್ತು ಸಿ.ಸಿ. ರಸ್ತೆ, ಚರಂಡಿ. ಆ ವರ್ಷ ನಮ್ಮ ಸರದಿ ಬರಲಿಲ್ಲ. ಆದರೆ ಪಟ್ಟಿಯಲ್ಲಿ ಇದ್ದ ಕಾರಣ ಮಾರನೇ ವರ್ಷ ‘ಉಳಿಕೆ ಕೆಲಸ’ ಅಂತ ಮೇಲೆ ತರಲು ಸುಲಭವಾಯಿತು.

ಯಾವ ದುಡ್ಡಿಗೆ ಯಾವ ಕೆಲಸ ಅಂತ ತಿಳಿದಿದ್ದರೂ ಅರ್ಧ ಗೆದ್ದ ಹಾಗೆ. ಹಣಕಾಸು ಆಯೋಗದ ದುಡ್ಡನ್ನೆಲ್ಲ ಬೇಕಾದ್ದಕ್ಕೆ ಹಾಕಲು ಬರುವುದಿಲ್ಲ. 2021ರಿಂದ 26ರವರೆಗಿನ 15ನೇ ಆಯೋಗದ ದುಡ್ಡಿನಲ್ಲಿ ರೂಪಾಯಿಗೆ 60 ಪೈಸೆ ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಹೊಲ, ಹಳ್ಳ, ಬದುವಿನ ಕೆಲಸಕ್ಕೆ ದೊಡ್ಡ ದಾರಿ ಅಂದರೆ ಉದ್ಯೋಗ ಖಾತ್ರಿಯೇ ಆಗಿತ್ತು. 2006ರ ಫೆಬ್ರವರಿಯಲ್ಲಿ ಅದು ಶುರುವಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ನಮ್ಮ ಚಿತ್ರದುರ್ಗವೂ ಒಂದು. 2025ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ 125 ದಿನದ ಹೊಸ ಕಾಯ್ದೆ ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಅದರಲ್ಲೂ ಕೆಲಸ ಹೊರಡಬೇಕಾದದ್ದು ಪಂಚಾಯ್ತಿಯ ಯೋಜನೆಯಿಂದಲೇ. ಹಾಗಾಗಿ ಪಟ್ಟಿ ಬರೆಯುವ ದಿನದ ಬೆಲೆ ಇಳಿದಿಲ್ಲ.

ಕೆಳಗಿನ ಊರಿನವರ ತಕರಾರು

2017ರ ಗ್ರಾಮಸಭೆಯಲ್ಲಿ ನಾವು ಎಣಿಸದ ಕಡೆಯಿಂದ ಕಲ್ಲು ಬಿತ್ತು. ನಮ್ಮ ಹಳ್ಳ ಹೋಗಿ ಸೇರುವುದು ಕೆಳಗಿನ ಊರಿನ ಕೆರೆಗೆ. ಆ ಊರೂ ನಮ್ಮ ಪಂಚಾಯ್ತಿಯೇ. ಅಲ್ಲಿಯ ಒಬ್ಬ ಅಜ್ಜ ಎದ್ದು ನಿಂತ. ‘ನೀವು ಮೇಲೆ ಕುಡಿದುಬಿಟ್ರೆ ನಮ್ಮ ಕೆರೆಗೆ ಏನಪ್ಪ ಬರುತ್ತೆ? ಮೊದ್ಲೇ ನಮ್ಮ ಕೆರೆ ಮೂರು ವರ್ಷಕ್ಕೊಂದು ಸಲ ಕೋಡಿ ಕಾಣೋದು’ ಅಂದ. ಅವರ ಕಡೆಯವರು ಗಲಾಟೆ ಮಾಡಿದರು, ನಮ್ಮವರೂ ಮಾಡಿದರು. ಸಭೆ ಎದ್ದುಹೋಯಿತು.

ರಾತ್ರಿಯೆಲ್ಲ ಯೋಚನೆ ಮಾಡಿದೆ. ಅಜ್ಜ ಹೇಳಿದ್ದು ಸುಳ್ಳಲ್ಲ. ನನ್ನ ಹೊಲ ಕೊರೆದಾಗ ನನ್ನನ್ನು ಯಾರೂ ಕೇಳಲಿಲ್ಲ ಅಂತ ಕೂಗಾಡಿದವನು ನಾನು. ಈಗ ಅವರ ಕೆರೆ ನೀರಿಗೆ ಕೈ ಹಾಕುವಾಗ ನಾವೂ ಅವರನ್ನು ಕೇಳಿರಲಿಲ್ಲ.

ಮರುವಾರ ಎರಡೂ ಊರಿನಿಂದ ಐದೈದು ಜನ ಹಳ್ಳದಲ್ಲಿ ನಡೆದೆವು. ಎಂಜಿನಿಯರನ್ನೂ ಕರೆದುಕೊಂಡು ಹೋದೆವು. ಅವರ ಪ್ಲಾನಿನಲ್ಲಿ ಗೋಕಟ್ಟೆ ಏರಿಯನ್ನು ಮೂರು ಅಡಿ ಎತ್ತರಿಸುವುದಿತ್ತು. ಅಜ್ಜ ಕೋಲು ಊರಿ, ‘ಇಷ್ಟು ಎತ್ತರಿಸಿದ್ರೆ ಶ್ರಾವಣದ ನೀರೂ ನಿಮಗೇ’ ಅಂದ. ಕೊನೆಗೆ ಒಂದೂವರೆ ಅಡಿ ಅಂತಾಯಿತು. ಗುಡ್ಡದ ಪಕ್ಕದ ನೀರು ಮಾತ್ರ ಕಾಲುವೆಗೆ, ದೊಡ್ಡ ಹಳ್ಳಕ್ಕೆ ಅಡ್ಡ ಏನೂ ಕಟ್ಟುವಂತಿಲ್ಲ. ಕೋಡಿಗೆ ಒಂದು ಸೈಜುಗಲ್ಲು ನಿಲ್ಲಿಸಿ ಗುರುತು ಹೊಡೆಯುವುದು. ಇಷ್ಟನ್ನೂ ಗ್ರಾಮಸಭೆ ನಡಾವಳಿಯಲ್ಲಿ ಬರೆಸಿದೆವು. ಹೂಳೆತ್ತಿದ ಮಣ್ಣಿನಲ್ಲಿ ಅವರ ಊರಿಗೂ ಪಾಲು ಕೊಟ್ಟೆವು. ಮಣ್ಣಿನ ಪಾಲಿನಿಂದ ಸಿಟ್ಟು ಇಳಿಯಿತು ಅಂತ ನನ್ನ ಅಂದಾಜು.

ಊರಿನವರೇ ಕೂತು ನೀರಿನ ಲೆಕ್ಕ ಹಾಕಿದ ದೊಡ್ಡ ಉದಾಹರಣೆ ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದನಗರ) ಜಿಲ್ಲೆಯ ಹಿವರೆ ಬಜಾರ್. 1990ರ ಸುಮಾರಿಗೆ ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಅಲ್ಲಿ ಗ್ರಾಮಸಭೆಯೇ ತೀರ್ಮಾನ ಮಾಡಿ ಬೇಸಾಯಕ್ಕೆ ಬೋರ್ ಕೊರೆಯುವುದನ್ನು ನಿಲ್ಲಿಸಿತು, ಕಬ್ಬು, ಬಾಳೆ ಬೇಡ ಅಂದಿತು. ವರ್ಷವರ್ಷ ಮಳೆ ಅಳೆದು, ಇಷ್ಟು ನೀರಿದೆ, ಇಂಥ ಬೆಳೆ ಹಾಕಿ ಅಂತ ಸಭೆಯಲ್ಲೇ ಹೇಳುತ್ತಾರೆ. ಅವರ ಮಳೆ ನಮ್ಮದಕ್ಕಿಂತ ಕಮ್ಮಿ. ಅಡಿಕೆ ಹಾಕಿ ಬೋರಿನ ಹಿಂದೆ ಓಡುತ್ತಿರುವ ನಮ್ಮ ತಾಲ್ಲೂಕಿನಲ್ಲಿ ಇಂಥ ಮಾತು ಎತ್ತಿದರೆ ಸಭೆಯಿಂದ ಎಬ್ಬಿಸುತ್ತಾರೆ. ನನಗೂ ಧೈರ್ಯವಿಲ್ಲ, ಯಾಕೆಂದರೆ ನನ್ನ ತಮ್ಮನೇ ಒಂದೂವರೆ ಎಕರೆ ಅಡಿಕೆ ಹಾಕಿದ್ದಾನೆ.

ಗೋಡೆ ಎದ್ದ ಮೇಲೆ

ತಡವಾಗಿ ತಿಳಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಚಳ್ಳಕೆರೆ ಇದೆ. ಮೈಸೂರು ಅರಸರ ಕಾಲದಿಂದ ದನ ಮೇಯಲು ಬಿಟ್ಟಿದ್ದ ಅಮೃತಮಹಲ್ ಕಾವಲು ಅಲ್ಲಿ. ಕುದಾಪುರ, ದೊಡ್ಡ ಉಳ್ಳಾರ್ತಿ ಸುತ್ತಿನ ಜನ ದನ, ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕಿದವರು. 2010ರ ಹಿಂದೆಮುಂದೆ ಅದರಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಡಿಆರ್‌ಡಿಓ, ಭಾರತೀಯ ವಿಜ್ಞಾನ ಸಂಸ್ಥೆ, ಬಾಬಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದವುಗಳಿಗೆ ಕೊಡಲಾಯಿತು. ನಮ್ಮನ್ನು ಯಾರೂ ಕೇಳಲಿಲ್ಲ, ಕಾಂಪೌಂಡ್ ಗೋಡೆ ಏಳುವಾಗ ಗೊತ್ತಾಯಿತು ಎನ್ನುವುದು ಅಲ್ಲಿಯ ಜನರ ದೂರು. ಹೋರಾಟ ನಡೆಯಿತು, ಹಸಿರು ನ್ಯಾಯಮಂಡಳಿಗೆ ಹೋಯಿತು, 2014ರಲ್ಲಿ ತೀರ್ಪು ಬಂತು. ಷರತ್ತುಗಳು ಬಂದವು, ಯೋಜನೆಗಳು ನಿಲ್ಲಲಿಲ್ಲ. 2017ರಲ್ಲಿ ಡಿಆರ್‌ಡಿಓದ ವಿಮಾನ ಪರೀಕ್ಷಾ ಕೇಂದ್ರದ ಉದ್ಘಾಟನೆಯೂ ಆಯಿತು. ದೇಶಕ್ಕೆ ಅವು ಬೇಕೋ ಬೇಡವೋ ಅಂತ ನಾನು ಹೇಳುತ್ತಿಲ್ಲ. ಗ್ರಾಮಸಭೆ ಎದುರು ಮೊದಲೇ ಇಟ್ಟಿದ್ದರೆ ಕುರಿ ಹೋಗುವ ದಾರಿ, ದನ ನೀರು ಕುಡಿಯುವ ಕಟ್ಟೆಯಾದರೂ ಮಾತಿಗೆ ಬರುತ್ತಿತ್ತು. ಗೋಡೆ ಎದ್ದ ಮೇಲೆ ಅದಕ್ಕೆ ಕೋರ್ಟಿಗೆ ಓಡಾಡಬೇಕಾಯಿತು.

ಒಡಿಶಾದ ನಿಯಮಗಿರಿಯಲ್ಲಿ ಹೀಗಾಗಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಗುಡ್ಡದ ಗಣಿ ವಿಷಯವನ್ನು ಗ್ರಾಮಸಭೆಗಳ ಮುಂದೆ ಇಡಿ ಅಂತ ಹೇಳಿತು. ಹನ್ನೆರಡು ಊರು ಕೂತವು, ಹನ್ನೆರಡೂ ಬೇಡ ಅಂದವು. ಗಣಿ ನಿಂತಿತು. ಅಲ್ಲಿ ಅರಣ್ಯ ಹಕ್ಕಿನ ಕಾಯ್ದೆಯ ಬಲ ಇತ್ತು. ನಮ್ಮ ಗೋಕಟ್ಟೆಗೆ ಅಂಥ ಬಲ ಇಲ್ಲ, ನಡಾವಳಿ ಪುಸ್ತಕ ಮಾತ್ರ.

ಕೆಲಸ ನಡೆದ ಬಗೆ

2018ರ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. 32 ಜನ, 24 ದಿನ. ಆಗ ಕೂಲಿ ದಿನಕ್ಕೆ 249 ರೂಪಾಯಿ. ಒಟ್ಟು 768 ಆಳಿಗೆ ಒಂದು ಲಕ್ಷ ತೊಂಬತ್ತೊಂದು ಸಾವಿರ ಚಿಲ್ಲರೆ ಊರಿನ ಮನೆಗಳಿಗೇ ಬಂತು. ಬರುವುದು ಎರಡು ತಿಂಗಳು ತಡವಾಯಿತು, ಅದು ಬೇರೆ ಮಾತು. ಜೆಸಿಬಿ ಹಾಕಿ ಎರಡು ದಿನದಲ್ಲಿ ಮುಗಿಸಿ, ಆಳಿನ ಲೆಕ್ಕ ಬರೆದುಕೊಳ್ಳೋಣ ಅಂತ ಒಬ್ಬರು ಬಂದಿದ್ದರು. ಅರ್ಜಿಯಲ್ಲಿ 32 ಜನರ ಹೆಸರು ಮೊದಲೇ ಇದ್ದದ್ದರಿಂದ ಅದು ನಡೆಯಲಿಲ್ಲ.

ಗೋಕಟ್ಟೆ ಹೂಳನ್ನು ಟ್ರ್ಯಾಕ್ಟರಿನಲ್ಲಿ ನಾವೇ ಬಾಡಿಗೆ ಕೊಟ್ಟು ಹೊಡೆದುಕೊಂಡೆವು. ನನ್ನ ಕೊರೆದುಹೋದ ಏಳು ಗುಂಟೆಗೆ ನಲವತ್ತು ಲೋಡು ಹಾಕಿಸಿ, ಅಂಚಿಗೆ ಕಲ್ಲಿನ ಒಡ್ಡು ಕಟ್ಟಿ, ಲಾವಂಚ ನೆಟ್ಟಿದ್ದೇನೆ. ಮೂರು ಗುಂಟೆ ವಾಪಸ್ ಬಂದಿದೆ. ಉಳಿದದ್ದು ಬರುವುದಿಲ್ಲ.

ಗೋಕಟ್ಟೆಯಲ್ಲಿ ಒಳ್ಳೆಯ ಮಳೆಯ ವರ್ಷ ಸಂಕ್ರಾಂತಿವರೆಗೆ ನೀರು ನಿಲ್ಲುತ್ತದೆ. ಮೊದಲು ದೀಪಾವಳಿಗೇ ಕೆಸರಾಗುತ್ತಿತ್ತು. 2023ರ ಬರದಲ್ಲಿ ಅದೂ ಒಣಗಿತು, ಪವಾಡ ಏನಿಲ್ಲ. ಕೋಡಿ ಕಲ್ಲನ್ನು ಒಂದು ಸಲ ನಮ್ಮೂರ ಹುಡುಗರು ಮಣ್ಣು ಮೂಟೆ ಇಟ್ಟು ಎತ್ತರಿಸಿದ್ದರು. ಕೆಳಗಿನ ಊರಿನವರು ನಡಾವಳಿ ಜೆರಾಕ್ಸ್ ಹಿಡಿದು ಬಂದರು. ನಾವೇ ಮೂಟೆ ತೆಗೆಸಿದೆವು. ಜೆರಾಕ್ಸ್ ಇಟ್ಟುಕೊಳ್ಳುವುದನ್ನು ಅವರಿಗೆ ಕಲಿಸಿದವನು ನಾನೇ.

ಇನ್ನು ಕೆಲವು ಮಾತು

ನಡಾವಳಿ, ಬಿಲ್ಲು, ಅಳತೆ ಪುಸ್ತಕ ತೋರಿಸಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಅರ್ಜಿಗೆ ಒಂದೇ ವಿಷಯ ಕೇಳಿ. ನಾನು ಒಂದೇ ಹಾಳೆಯಲ್ಲಿ ಒಂಬತ್ತು ಕೇಳಿ ವಾಪಸ್ ಬಂದಿತ್ತು. ಆದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಇದನ್ನು ಹಿಡಿದು ಹೋದರೆ ಪಂಚಾಯ್ತಿಯವರು ನಿಮ್ಮನ್ನು ಶತ್ರು ಅಂತ ನೋಡುತ್ತಾರೆ, ಆಮೇಲೆ ಬಾಯಲ್ಲಿ ಹೇಳಬಹುದಾದ್ದನ್ನೂ ಹೇಳುವುದಿಲ್ಲ.

ಆಗಸ್ಟ್-ಸೆಪ್ಟೆಂಬರಿನಲ್ಲಿ ಜಮಾಬಂದಿ ಅಂತ ಆಗುತ್ತದೆ. ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದುವುದು, ಕೆಲಸ ತೋರಿಸುವುದು. ಆಗ ನಮ್ಮಲ್ಲಿ ಕಳೆ, ಕುಂಟೆಯ ಕೆಲಸ ಮುಗಿದು ಸ್ವಲ್ಪ ಬಿಡುವಿರುತ್ತದೆ. ಹೋಗಬೇಕು. ಹೋದ ವರ್ಷದ ತಪ್ಪು ತಿಳಿದವನಿಗೆ ಅಕ್ಟೋಬರಿನಲ್ಲಿ ಏನು ಕೇಳಬೇಕು ಅಂತ ಗೊತ್ತಿರುತ್ತದೆ.

ಓದಿದ ಮಕ್ಕಳಿದ್ದರೆ ಮೊಬೈಲಿನಲ್ಲಿ ಇ-ಗ್ರಾಮಸ್ವರಾಜ್ ಅಂತ ಒಂದಿದೆ, 2020ರಲ್ಲಿ ಬಂದದ್ದು. ಪಂಚಾಯ್ತಿ ಹೆಸರು ಒತ್ತಿದರೆ ಯೋಜನೆಯ ಪಟ್ಟಿ ಬರುತ್ತದೆ. ನಮ್ಮ ಹುಡುಗ ತೋರಿಸಿದ. ಇಂಗ್ಲಿಷಿನಲ್ಲಿ ಊರ ಹೆಸರೆಲ್ಲ ಕುಲಗೆಟ್ಟಿವೆ, ಆದರೂ ಯಾವ ಬೀದಿಗೆ ಎಷ್ಟು ದುಡ್ಡು ಅಂತ ತಿಳಿಯುತ್ತದೆ.

ನಮ್ಮ ಹೆಂಗಸರ ಬೇಡಿಕೆ ಒಂದು ಹಾಗೆಯೇ ಉಳಿದಿದೆ. ಗೋಕಟ್ಟೆ ಪಕ್ಕ ಬಟ್ಟೆ ಒಗೆಯಲು ಕಲ್ಲು ಹಾಸಿ, ಮರೆಗೆ ಒಂದು ಗೋಡೆ ಬೇಕು ಅಂತ 2016ರ ಸಭೆಯಲ್ಲೇ ಕೇಳಿದ್ದರು. ಅವತ್ತು ನಾವು ಗಂಡಸರು ‘ಮೊದಲು ನೀರು ಬರಲಿ’ ಅಂದು ಕೂರಿಸಿದೆವು. ನೀರು ಬಂದು ಎಷ್ಟೋ ವರ್ಷವಾಯಿತು. ಹೋದ ವಾರ್ಡ್ ಸಭೆಗೆ ಆ ಅಕ್ಕ ಅರ್ಜಿಯನ್ನು ತಾನೇ ಬರೆಸಿಕೊಂಡು ಬಂದಿದ್ದಳು. ಸರ್ವೆ ನಂಬರ್, ಅಳತೆ, ನಲವತ್ತೊಂದು ಹೆಂಗಸರ ರುಜು ಇತ್ತು. ನನ್ನ ಹತ್ತಿರ ಬಂದು, ‘ನೀನೂ ಒಂದು ರುಜು ಹಾಕು. ಓದಿ ಹಾಕು’ ಅಂದಳು. ಓದಿ ಹಾಕಿದೆ.